ಲೆವಿಸ್ಸೋ ಲೇವಿಸ್ಸೋ: ಒಂದು ಲ್ಯಾಟಿನ್ ನಿಘಂಟು ಆ್ಯಪ್ ಬಗ್ಗೆ

ನಾನು ಜೀವಶಾಸ್ತ್ರದ ಟೀಚರ್. ಈ ಲ್ಯಾಟಿನ್ ನಿಘಂಟನ್ನು ಫೋನಿಗೆ ಹಾಕಿಕೊಂಡಿದ್ದು ಒಂದು ಕಪ್ಪೆಯ ದೆಸೆಯಿಂದ. ಕಪ್ಪೆಯ ಹೆಸರು ಕ್ಸೆನೋಪಸ್ ಲೇವಿಸ್. 'ಲೇವಿಸ್ ಅಂದ್ರೇನು ಮಿಸ್?' ಅಂತ ಒಬ್ಬ ಹುಡುಗಿ ಕೇಳಿದಳು. ಅವತ್ತೇ ಹುಡುಕಿದೆ.

ಒಂದಲ್ಲ, ಎರಡು ಪದ ಸಿಕ್ಕಿದವು. ಲೆವಿಸ್ ಅಂದರೆ ಹಗುರ. ಲೇವಿಸ್ ಅಂದರೆ ನುಣುಪು. ವ್ಯತ್ಯಾಸವೆಲ್ಲ ಮೊದಲ ಸ್ವರದ ಉದ್ದದಲ್ಲಿ. ದೀರ್ಘವಾದರೆ ಅದರ ತಲೆಯ ಮೇಲೊಂದು ಗೆರೆ. ಎರಡನೆಯದಕ್ಕೆ 'ಲೈವಿಸ್' ಅನ್ನುವ ಇನ್ನೊಂದು ಕಾಗುಣಿತವೂ ಇದೆ, ಕಪ್ಪೆಯ ಹೆಸರಲ್ಲಿರುವುದು ಅದೇ. ಕೆರೆ ಬೇರೆ, ಕೇರೆ ಹಾವು ಬೇರೆ ಅಂತ ತಿಳಿದ ಕಿವಿಗೆ ಇದು ಕಷ್ಟವೇ ಅಲ್ಲ, ಅಲ್ವಾ?

ರೂಪಗಳ ಕೋಷ್ಟಕ ತುಂಬಾ ಚೆನ್ನಾಗಿದೆ. ಪುಲ್ಲಿಂಗ, ಸ್ತ್ರೀಲಿಂಗ ಎರಡಕ್ಕೂ ಲೆವಿಸ್, ನಪುಂಸಕಕ್ಕೆ ಮಾತ್ರ ಲೆವೆ. ಹಾಗಾಗಿ ಸುಮ್ನೆ 3 ಸಾಲು ಎಳೆಯದೆ ಎರಡರಲ್ಲೇ ಮುಗಿಸಿದ್ದಾರೆ. 'ಹಗುರವಾದದ್ದನ್ನು' ಅನ್ನುವಲ್ಲಿ ಲೆವೆಮ್, ನಪುಂಸಕವಾದರೆ ಮತ್ತೆ ಲೆವೆ. ಪಂಚಮಿಯಲ್ಲಿ ಮೂರೂ ಲಿಂಗಕ್ಕೆ ಲೆವೀ. ಒತ್ತು ಬೀಳುವ ಜಾಗವನ್ನು ದಪ್ಪಕ್ಷರದಲ್ಲಿ ತೋರಿಸುತ್ತಾರೆ. ನನಗೆ ಬಹಳ ಹಿಡಿಸಿದ್ದು ಇದೇ. 'ಇನ್ನೂ ಹಗುರ' ಅನ್ನಲು ಲೆವಿಯೊರ್, ಅಲ್ಲಿ ಒತ್ತು 'ಲೆ' ಮೇಲೆ. ಅದೇ ಲೆವಿಯೋರೆಮ್ ಆದ ಕೂಡಲೇ 'ಯೋ' ಮೇಲೆ ಜರುಗುತ್ತದೆ. ಕೊನೆಯಿಂದ ಎರಡನೆಯ ಅಕ್ಷರ ಗುರುವಾದರೆ ಒತ್ತು ಅದಕ್ಕೆ, ಲಘುವಾದರೆ ಅದರ ಹಿಂದಿನದಕ್ಕೆ. ಛಂದಸ್ಸು ಕಲಿತಿದ್ದವರಿಗೆ ಖುಷಿಯಾಗುತ್ತದೆ.

ಬೇಜಾರಾಗಿದ್ದು ದನಿಯಲ್ಲಿ. ಲೆವಿಸ್, ಲೇವಿಸ್ ಎರಡನ್ನೂ ಒತ್ತಿ ಕೇಳಿದೆ, ಎರಡಕ್ಕೂ ಒಂದೇ ರೆಕಾರ್ಡಿಂಗ್! ಹಾಗಾದರೆ ಆ ಗೆರೆ ಯಾಕೆ ಬೇಕಿತ್ತು? ಸಿಹಿ ಅನ್ನುವ ಪದಕ್ಕೆ ಪ್ರಾಚೀನ ರೋಮಿನ ಉಚ್ಚಾರ ದುಲ್ಕಿಸ್. ಸೆಟ್ಟಿಂಗಿನಲ್ಲಿ ಅದನ್ನೇ ಆರಿಸಿದ್ದರೂ ದನಿ ದುಲ್ಚಿಸ್ ಅನ್ನುತ್ತದೆ. ಚರ್ಚಿನಲ್ಲಿ ಹಾಡುವವರಿಗೆ ಅದು ಸರಿಯಾದ ಉಚ್ಚಾರವೇ. ಆದರೆ ಎರಡನ್ನೂ ಕಲಸಿಟ್ಟರೆ ಹೊಸದಾಗಿ ಕಲಿಯುವವರು ಯಾವುದನ್ನು ನಂಬಬೇಕು? ಎರಡು ಸಲ ಬರೆದು ತಿಳಿಸಿದೆ, ಇನ್ನೂ ಸರಿಯಾಗಿಲ್ಲ.

5ಕ್ಕೆ 3 ಸ್ಟಾರ್ ಕೊಡುತ್ತಿದ್ದೇನೆ, ಮೂರೂ ಕೋಷ್ಟಕಕ್ಕೆ. ಓದಿ ಕಲಿಯುವವರು ಧಾರಾಳವಾಗಿ ಹಾಕಿಕೊಳ್ಳಿ. ದನಿಯ ಬಟನ್ ಮಾತ್ರ ಒತ್ತಬೇಡಿ. ಗೆರೆ ನೋಡಿಕೊಂಡು ನೀವೇ ಗಟ್ಟಿಯಾಗಿ ಹೇಳಿ, ನಮ್ಮ ತರಗತಿಯಲ್ಲಿ ಈಗ ಹಾಗೇ ಮಾಡುತ್ತಿದ್ದೇವೆ.