ಜರ್ಮನ್ ಕಲಿಕೆಗೆ ಆಂಕಿ: ವರ್ಷಗಟ್ಟಲೆ ಬಳಸಿದ ಮೇಲೆ

ಆಂಕಿ ಎಂಬುದು ಪ್ರಶ್ನೋತ್ತರದ ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸುವ ತಂತ್ರಾಂಶ. ಅದು ಭಾಷೆ ಕಲಿಸುವುದಿಲ್ಲ. ಕಲಿತದ್ದು ಮರೆತುಹೋಗದಂತೆ ಕಾಯುತ್ತದೆ, ಅಷ್ಟೇ. ಜರ್ಮನ್‌ಗಾಗಿ ಕೆಲವು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ಆ ಒಂದು ಕೆಲಸದಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ನೆನಪಾಯಿತೋ ಇಲ್ಲವೋ ಅಂತ ನಾವೇ ಒತ್ತಬೇಕು. ನೆನಪಾದದ್ದು ದಿನ, ವಾರ, ತಿಂಗಳು ಬಿಟ್ಟು ಬರುತ್ತದೆ. ಮರೆತದ್ದು ಬೇಗ ವಾಪಸ್. 2006ರಲ್ಲಿ ಬಂದ ಈ ತಂತ್ರಾಂಶ ಬಹಳ ಕಾಲ 1987ರ ಎಸ್‌ಎಂ-2 ಎಂಬ ಲೆಕ್ಕಾಚಾರವನ್ನೇ ನಂಬಿಕೊಂಡಿತ್ತು. 2023ರಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ಸೇರಿತು. ಇದು ನಮ್ಮ ಹಳೆಯ ಉತ್ತರಗಳನ್ನು ನೋಡಿ ಅಂತರ ಲೆಕ್ಕ ಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ತಪ್ಪದೆ ಆನ್ ಮಾಡಿಕೊಳ್ಳಿ. ಎಷ್ಟು ನೆನಪಿರಬೇಕು ಎಂಬ ಗುರಿ ಶೇ 90 ಇರುತ್ತದೆ. ಅದನ್ನು ಏರಿಸುವ ಆಸೆ ಬೇಡ, ದಿನದ ಕಾರ್ಡುಗಳು ಸಿಕ್ಕಾಪಟ್ಟೆ ಜಾಸ್ತಿಯಾಗುತ್ತವೆ.

ನಿಜವಾದ ವ್ಯತ್ಯಾಸ ಬರುವುದು ಕಾರ್ಡು ಬರೆಯುವ ರೀತಿಯಲ್ಲಿ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಅರ್ಥ ನೋಡಿ ಲಿಂಗ ಹೇಳುವ ನಮಗೆ ಇದು ಅನ್ಯಾಯ ಅನ್ನಿಸುತ್ತದೆ, ಅಲ್ವಾ? ತರ್ಕ ಹುಡುಕುತ್ತಾ ಕೂತರೆ ಸುಮ್ನೆ ಹೊತ್ತು ಹೋಗುತ್ತದೆ. ಹಾಗಾಗಿ ನನ್ನ ಕಾರ್ಡಿನಲ್ಲಿ ಬರೀ 'ಲೋಫೆಲ್' (ಚಮಚ) ಇರುವುದಿಲ್ಲ, ಪುಲ್ಲಿಂಗ ತೋರಿಸುವ 'ಡೆರ್' ಸೇರಿಸಿ 'ಡೆರ್ ಲೋಫೆಲ್' ಇರುತ್ತದೆ, ಪಕ್ಕದಲ್ಲೇ ಬಹುವಚನ. ಕ್ರಿಯಾಪದವಾದರೆ ಇಡೀ ವಾಕ್ಯ ಬರೆದು ಒಂದು ಪದ ಮುಚ್ಚುತ್ತೇನೆ. 'ಇಶ್ ವಾರ್ಟೆ ... ಡೆನ್ ಬುಸ್' (ಬಸ್ಸಿಗಾಗಿ ಕಾಯುತ್ತಿದ್ದೇನೆ), ನಡುವಿನ 'ಔಫ್' ನಾನು ಹೇಳಬೇಕು. ಜೊತೆಗೆ ಆಡಿಯೊ ಸೇರಿಸಿದರೆ ಕಿವಿಯೂ ಪಳಗುತ್ತದೆ. ಬೇರೆಯವರು ಮಾಡಿಟ್ಟ ಡೆಕ್‌ಗಳು, ಅಂದರೆ ಕಾರ್ಡಿನ ಕಟ್ಟುಗಳು, ಸಾವಿರಾರು ಪದ ಕೊಡುತ್ತವೆ, ಆದರೆ ಎಲ್ಲೂ ಓದದ, ಕೇಳದ ಪದ ಎಷ್ಟು ಸಲ ತಿರುಗಿಸಿದರೂ ಅಂಟುವುದಿಲ್ಲ.

ಒಂದು ವಾರ ಬಿಟ್ಟರೆ ಬಾಕಿ ಗುಡ್ಡದಂತೆ ಬೆಳೆಯುತ್ತದೆ. ಆಗ ಹೊಸ ಕಾರ್ಡು ನಿಲ್ಲಿಸಿ ಹಳೆಯದನ್ನಷ್ಟೇ ಮುಗಿಸಿ. ಎಂಟು ಸಲ ಮರೆತ ಕಾರ್ಡಿಗೆ ಆಂಕಿ ತಾನೇ ಗುರುತು ಹಾಕುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹಾಗೆ ಆರಿಸಿದ್ದರೆ ಪಕ್ಕಕ್ಕೂ ಇಡುತ್ತದೆ. ಅದನ್ನು ವಾಪಸ್ ತರುವ ಮೊದಲು ಬೇರೆ ವಾಕ್ಯ ಹಾಕಿ ನೋಡಿ.

ಮಾತು? ಅದು ಇಲ್ಲಿ ಬರುವುದಿಲ್ಲ. ಪದ ಗೊತ್ತಿದ್ದೂ ಬಾಯಿ ಕಟ್ಟುತ್ತದೆ. ನಾನು ವಿಡಿಯೊ ಕರೆಯಲ್ಲಿ ಜರ್ಮನ್ ಮಾತಾಡುವವರ ಜೊತೆ ಹರಟುತ್ತೇನೆ, ಅಲ್ಲಿ ತಡವರಿಸಿದ ಪದ ಅವತ್ತೇ ಕಾರ್ಡಾಗುತ್ತದೆ.

ಕಂಪ್ಯೂಟರ್, ಆಂಡ್ರಾಯ್ಡ್‌ನಲ್ಲಿ ಉಚಿತ. ಐಫೋನ್‌ಗೆ ಒಂದು ಸಲ ದುಡ್ಡು ಕೊಡಬೇಕು.