ಡಾಮಿನಿಕಾದ ಕುದಿಯೋ ಕೆರೆಗೆ ಹೋಗೋರು ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ರಜೆಗೆ ಕೆರಿಬಿಯನ್ ಕಡೆ ಟಿಕೆಟ್ ನೋಡ್ತಿರೋರು, ಅದ್ರಲ್ಲೂ ಬೀಚು ರೆಸಾರ್ಟು ಎಲ್ಲಾ ಸಾಕಾಯ್ತು, ಜನ ಇಲ್ದಿರೋ ಕಾಡು ಬೆಟ್ಟ ಬೇಕು ಅಂತ ಡಾಮಿನಿಕಾ ಹುಡುಕ್ತಿರೋರು ಸ್ವಲ್ಪ ಪುರುಸೊತ್ತು ಮಾಡ್ಕೊಂಡು ಇದನ್ನ ಓದಿ. ದ್ವೀಪದ ಮೇಲೆ ನನ್ನ ದೂರಿಲ್ಲ, ದ್ವೀಪ ಅಪ್ಪಟ ಚಿನ್ನ. ದೂರು ಇರೋದು ಅಲ್ಲಿ ಟೂರ್ ನಡೆಸೋ ಒಬ್ರ ಮೇಲೆ. ಹೆಸರು ಹಾಕಲ್ಲ, ಕಾರ್ಡಲ್ಲಿ ಕಟ್ಟಿದ ದುಡ್ಡು ವಾಪಸ್ ಕೇಳಿ ಬ್ಯಾಂಕಲ್ಲಿ ಹಾಕಿರೋ ಡಿಸ್ಪ್ಯೂಟ್ ಇನ್ನೂ ನಡೀತಿದೆ, ಅದೂ ಅಲ್ದೆ ನಾಳೆ ಇನ್ನೊಂದು ಹೆಸರಲ್ಲಿ ಪೇಜ್ ಓಪನ್ ಮಾಡೋದು ಇಂಥೋರಿಗೆ ಎಷ್ಟೊತ್ತಿನ ಕೆಲಸ ಹೇಳಿ. ಇವ್ರು ಹೇಗೆ ಮಾಡ್ತಾರೆ ಅನ್ನೋದು ಗೊತ್ತಿದ್ರೆ ಯಾವ ಹೆಸರಲ್ಲಿ ಬಂದ್ರೂ ಗುರುತು ಹಿಡೀಬಹುದು.

ಮೊದ್ಲು ಒಂದು ವಿಷ್ಯ. ಇದು ಡೊಮಿನಿಕನ್ ರಿಪಬ್ಲಿಕ್ ಅಲ್ಲ. ಅದು ಪುಂಟಾ ಕಾನಾ ರೆಸಾರ್ಟ್‌ಗಳ ದೇಶ, ಸ್ಪ್ಯಾನಿಶ್ ಮಾತಾಡೋರು. ಇದು ಗ್ವಾಡಲೂಪ್, ಮಾರ್ಟಿನಿಕ್ ದ್ವೀಪಗಳ ಮಧ್ಯೆ ಇರೋ ಸಣ್ಣ ದ್ವೀಪ, ಸುಮಾರು 750 ಚದರ ಕಿಲೋಮೀಟರು, ಜನಸಂಖ್ಯೆ 70 ಸಾವಿರದ ಆಸುಪಾಸು, ಇಂಗ್ಲಿಷ್ ನಡೆಯುತ್ತೆ, 1978ರಲ್ಲಿ ಬ್ರಿಟಿಷರಿಂದ ಸ್ವತಂತ್ರ ಆದ ದೇಶ. ಇಂಡಿಯನ್ ಪಾಸ್‌ಪೋರ್ಟಿಗೆ ವೀಸಾ ಬೇಡ. ಆದ್ರೆ ಅಮೆರಿಕದಲ್ಲಿ ಎಚ್-ಒನ್-ಬಿ (ಕೆಲಸದ ವೀಸಾ) ಮೇಲೆ ಇರೋರು, ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟಾಂಪ್ ಎಕ್ಸ್‌ಪೈರ್ ಆಗಿದ್ರೆ ಹುಷಾರು. ಎಕ್ಸ್‌ಪೈರ್ ಆದ ಸ್ಟಾಂಪಲ್ಲೇ ಕೆನಡಾ ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬರೋ ಸೌಲಭ್ಯ ಇದ್ಯಲ್ಲ, ಅದು ಎಚ್-ಒನ್-ಬಿಗೆ ಈ ದ್ವೀಪಗಳಿಗೆ ಸಿಗಲ್ಲ, ಎಫ್-ಒನ್ ಸ್ಟೂಡೆಂಟ್ಸ್ ಲೆಕ್ಕ ಬೇರೆ. ಹಾಗೇ ಗ್ವಾಡಲೂಪಿಗೆ ಹೋಗಿ ಅಲ್ಲಿಂದ ಫೆರ್ರಿ ಹಿಡಿಯೋಣ ಅನ್ನೋರು, ಅದು ಫ್ರಾನ್ಸಿನ ಜಾಗ ಆದ್ರೂ ಷೆಂಗೆನ್ (ಯುರೋಪಿನ ಹಲವು ದೇಶಕ್ಕೆ ಒಂದೇ ವೀಸಾ ನಡೆಯೋ ವಲಯ) ಒಳಗೆ ಬರಲ್ಲ, ಷೆಂಗೆನ್ ವೀಸಾ ತೋರ್ಸಿ ಒಳಗೆ ಹೋಗ್ತೀನಿ ಅಂದ್ರೆ ಆಗಲ್ಲ. ನಾವು ಮಯಾಮಿಯಿಂದ ನೇರ ಫ್ಲೈಟಲ್ಲಿ ಹೋದ್ವಿ.

ಸರಿ, ಕುದಿಯೋ ಕೆರೆ. ಬಾಯ್ಲಿಂಗ್ ಲೇಕ್ ಅಂತಾನೇ ಹೆಸರು. ಮೋರ್ನ್ ಟ್ವಾ ಪಿಟೋನ್ ನ್ಯಾಷನಲ್ ಪಾರ್ಕ್ ಒಳಗಿದೆ, 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಡು. ಕೆಳಗೆ ಜ್ವಾಲಾಮುಖಿಯ ಬಿಸಿ, ಅದರ ಆವಿ ಹೊರಗೆ ಬರೋ ಬಾಯಲ್ಲಿ ನೀರು ತುಂಬ್ಕೊಂಡು ಕೆರೆ ಆಗಿದೆ, ಅಗಲ ಒಂದು 60 ಮೀಟರ್, ಅಂಚಲ್ಲೇ ನೀರು 80-90 ಡಿಗ್ರಿ ಇರುತ್ತೆ, ನಡುವೆ ಬೂದು ಬಣ್ಣದ ನೀರು ಗಂಜಿ ಕುದ್ದಂಗೆ ಕೊತಕೊತ ಅಂತಿರುತ್ತೆ. ರಸ್ತೆ ಇಲ್ಲ. ಲೌಡಾ ಅನ್ನೋ ಹಳ್ಳಿ ಹತ್ರ ಟಿಟೂ ಗಾರ್ಜ್‌ನಿಂದ ಶುರು ಮಾಡಿ, ಕಾಡಲ್ಲಿ ನಡೆದು, ಬ್ರೇಕ್‌ಫಾಸ್ಟ್ ರಿವರ್ ದಾಟಿ, ಮೋರ್ನ್ ನಿಕೋಲ್ಸ್ ಬೆಟ್ಟ ಹತ್ತಿ, ಆ ಕಡೆ ಇಳಿದು ವ್ಯಾಲಿ ಆಫ್ ಡೆಸೊಲೇಷನ್ ಅನ್ನೋ ಗಂಧಕದ ಕಣಿವೆ ದಾಟಿ ಕೆರೆ ತಲುಪಬೇಕು. ಹೋಗಿ ಬರೋಕೆ ಸುಮಾರು 13 ಕಿಲೋಮೀಟರು. ಹದಿಮೂರೇ ತಾನೇ ಅನ್ಬೇಡಿ. ಪೂರ್ತಿ ಏರು ಇಳಿಜಾರು, ಮರದ ದಿಮ್ಮಿ ಹಾಕಿ ಮಾಡಿರೋ ಮೆಟ್ಟಿಲು, ಮಂಡಿ ಎತ್ತರದ ಮೆಟ್ಟಿಲು, ಎಲ್ಲಾ ಪಾಚಿ. ಚೆನ್ನಾಗಿ ನಡೆಯೋರಿಗೇ ಆರೇಳು ಗಂಟೆ ಬೇಕು.

ಗೈಡ್ ಇಲ್ದೆ ಹೋಗಬಾರ್ದು ಅಂತ ಎಲ್ರೂ ಹೇಳ್ತಾರೆ, ಸರಿಯಾದ ಮಾತೇ. ಕಣಿವೆಯಲ್ಲಿ ಮಣ್ಣಿನ ಮೇಲ್ಪದರ ಎಲ್ಲಿ ತೆಳು ಎಲ್ಲಿ ಗಟ್ಟಿ ಅಂತ ನೋಡಿದ್ರೆ ಗೊತ್ತಾಗಲ್ಲ, ಕಾಲು ಒಳಗೆ ಹೋದ್ರೆ ಕೆಳಗೆ ಕುದಿಯೋ ಕೆಸರು. ಹಾಗಾಗಿ ನಮ್ಮವ್ರು ಮುಂಚೇನೇ ಆನ್‌ಲೈನಲ್ಲಿ ಬುಕ್ ಮಾಡಿದ್ರು. ಸರ್ಕಾರದ ಸರ್ಟಿಫಿಕೇಟ್ ಇರೋ ಗೈಡ್, ನಾಲ್ಕು ಜನಕ್ಕಿಂತ ಹೆಚ್ಚಿಲ್ಲ, ಬೆಳಗ್ಗೆ ಆರೂವರೆಗೆ ಪಿಕಪ್, ಊಟ, ರೈನ್ ಜಾಕೆಟ್, ಟಾರ್ಚ್, ಎಲ್ಲಾ ಸೇರಿ ಇಷ್ಟು ಅಂತ. ಅಡ್ವಾನ್ಸ್ ಕಾರ್ಡಲ್ಲಿ, ಉಳಿದಿದ್ದು ಕ್ಯಾಶ್.

ಆರೂವರೆಗೆ ರೆಡಿಯಾಗಿ ಗೆಸ್ಟ್‌ಹೌಸ್ ಮುಂದೆ ಕೂತ್ವಿ. ಏಳಾಯ್ತು, ಎಂಟಾಯ್ತು. ಮೆಸೇಜ್ ಮಾಡಿದ್ರೆ ಆನ್ ದ ವೇ, ಆನ್ ದ ವೇ. ವ್ಯಾನ್ ಬಂದಿದ್ದು ಹತ್ತಕ್ಕೆ! ಏನಾಗಿತ್ತು ಅಂದ್ರೆ ಆವತ್ತು ರಾಜಧಾನಿ ರೋಸೋ ಬಂದರಿಗೆ ದೊಡ್ಡ ಕ್ರೂಸ್ ಹಡಗು ಬಂದಿತ್ತು, ಅವ್ರನ್ನ ಟ್ರಫಾಲ್ಗರ್ ಫಾಲ್ಸ್‌ಗೆ ಒಂದು ಟ್ರಿಪ್ ಹೊಡ್ಕೊಂಡು ಆಮೇಲೆ ನಮ್ಮ ಕಡೆ ಬಂದಿದ್ದಾರೆ. ಇದು ಡ್ರೈವರ್ ಬಾಯಲ್ಲೇ ಬಂದ ಮಾತು, ಅವ್ನಿಗೆ ಅದ್ರಲ್ಲಿ ತಪ್ಪೇ ಕಾಣ್ಲಿಲ್ಲ. ಕ್ರೂಸ್ ಸೀಸನ್ ಸುಮಾರು ಅಕ್ಟೋಬರ್‌ನಿಂದ ಏಪ್ರಿಲ್, ನಮ್ಮ ರಜೆಗಳೂ ಅದೇ ಹೊತ್ತಿಗೆ ಬೀಳುತ್ತೆ ನೋಡಿ. ಹೋಗೋ ದಿನ ಹಡಗು ಇದ್ಯಾ ಅಂತ ಬಂದರಿನ ಶೆಡ್ಯೂಲ್ ನೋಡ್ಕೊಳ್ಳಿ, ಹಡಗು ಇಲ್ದಿರೋ ದಿನ ಆರಿಸ್ಕೊಳ್ಳಿ.

ವ್ಯಾನಲ್ಲಿ ಆಗ್ಲೇ ಇನ್ನೊಂದು ಅಮೆರಿಕನ್ ಜೋಡಿ ಕೂತಿತ್ತು, ಇಪ್ಪತ್ತೈದರ ಆಸುಪಾಸಿನ ಹುಡುಗ್ರು. ಫೋಟೋದಲ್ಲಿ ಇದ್ದ ಗೈಡ್ ಇಲ್ಲ, ಬೇರೆ ಹುಡುಗ. ಐಡಿ ಕಾರ್ಡ್ ಕೇಳಿದ್ರೆ ಮನೇಲಿದೆ ಅಂದ. ಬೆನ್ನಿಗೆ ಸಣ್ಣ ಸ್ಕೂಲ್ ಬ್ಯಾಗು, ಹಗ್ಗ ಇಲ್ಲ, ಜಾಕೆಟ್ ಇಲ್ಲ, ಟಾರ್ಚ್ ಅಂದ್ರೆ ಫೋನ್ ತೋರಿಸ್ದ. ಲೇಟಾಯ್ತಲ್ಲ, ಇವತ್ತು ಬೇಡ ನಾಳೆ ಹೋಗೋಣ ಅಂತ ನಮ್ಮವ್ರು ಕೇಳಿದ್ರು. ನಾಳೆ ಫುಲ್, ಕ್ಯಾನ್ಸಲ್ ಮಾಡಿದ್ರೆ ಅಡ್ವಾನ್ಸ್ ಹೋಯ್ತು, ಏನೂ ಆಗಲ್ಲ ನಾನು ದಿನಾ ಹೋಗ್ತೀನಿ ಅಂತ ಶುರು ಮಾಡಿ, ಟಿಟೂ ಹತ್ರ ವ್ಯಾನ್ ನಿಲ್ಲಿಸಿದ ತಕ್ಷಣ ಬಾಕಿ ಕ್ಯಾಶ್ ಇಸ್ಕೊಂಡ. ಇವ್ರ ಆಟ ಇರೋದೇ ಇಲ್ಲಿ. ಪೂರ್ತಿ ದುಡ್ಡು ಕೈಗೆ ಬಂದ್ಮೇಲೆ ನೀವು ಕೆರೆ ನೋಡಿದ್ರೆಷ್ಟು ಬಿಟ್ರೆಷ್ಟು.

ಹೋಗೋವಾಗ ಹೇಳೋಕೇನೂ ಇಲ್ಲ, ಅದ್ಭುತ. ನಮ್ಮೂರು ತೀರ್ಥಹಳ್ಳಿ ಕಡೆ, ಕಾಡು ನಂಗೆ ಹೊಸದಲ್ಲ, ಆದ್ರೂ ಆ ಹಸಿರು ಬೇರೆ. ವಿಷದ ಹಾವಿಲ್ಲದ ದ್ವೀಪ ಬೇರೆ, ಅಷ್ಟು ಸಮಾಧಾನ. ಕಣಿವೆಗೆ ಇಳೀತಿದ್ದಂಗೆ ಕೊಳೆತ ಮೊಟ್ಟೆ ವಾಸನೆ, ಹಳದಿ ಬಿಳಿ ಕಪ್ಪು ಬಣ್ಣದ ಕಲ್ಲು, ಪಕ್ಕದಲ್ಲೇ ಬುಸ್ ಅಂತ ಹಬೆ. ಹೆಂಗಸರು ಗಮನಿಸಿ, ಬೆಳ್ಳಿ ಕಾಲುಂಗುರ ಗೆಜ್ಜೆ ಬಿಚ್ಚಿಟ್ಟು ಹೋಗಿ, ಗಂಧಕಕ್ಕೆ ನಂದು ಕರ್‍ರಗಾಗಿ ಹೋಯ್ತು. ಕಣಿವೆಯ ನೀರು ಕುಡಿಯೋ ಹಾಗಿಲ್ಲ, ಬಾಟ್ಲಿ ತುಂಬಿಸ್ಕೊಳ್ಳೋದಿದ್ರೆ ಬ್ರೇಕ್‌ಫಾಸ್ಟ್ ರಿವರ್‌ನಲ್ಲೇ ತುಂಬಿಸ್ಕೋಬೇಕು. ಇದನ್ನ ಗೈಡ್ ಹೇಳ್ಬೇಕಿತ್ತು, ಹೇಳ್ಲಿಲ್ಲ, ಕೆರೆ ಮುಟ್ಟೋ ಹೊತ್ತಿಗೆ ನಮ್ಮ ಬಾಟ್ಲಿ ಖಾಲಿ. ಊಟ ಅಂತ ಕೊಟ್ಟಿದ್ದು ಟ್ಯೂನಾ ಸ್ಯಾಂಡ್‌ವಿಚ್ಚು, ವೆಜ್ ಅಂತ ಎರಡೆರಡು ಸಲ ಬರೆದು ಕಳ್ಸಿದ್ವಿ. ಬಾಳೆಹಣ್ಣು ನಮ್ಮ ಬ್ಯಾಗಲ್ಲಿ ಇತ್ತು ಅಂತ ಆಯ್ತು.

ಕೆರೆ ಹತ್ರ ಹೋದಾಗ ಎರಡು ಕಾಲು. ವಾಪಸ್ ಹೊರಟಾಗ ಮಳೆ. ಅಲ್ಲಿನ ಒಳಬೆಟ್ಟಗಳಲ್ಲಿ ಬೀಳೋ ಮಳೆ ಆಗುಂಬೆ ಲೆಕ್ಕದ್ದು, ಆದ್ರೆ ಆಗುಂಬೇಲಿ ಮಳೆಗಾಲ ಅಂತ ಒಂದಿದೆ, ಇಲ್ಲಿ ಫೆಬ್ರವರಿಯಿಂದ ಮೇವರೆಗೆ ಸ್ವಲ್ಪ ಕಮ್ಮಿ ಅನ್ನೋದು ಬಿಟ್ರೆ ವರ್ಷ ಪೂರ್ತಿ ಬರುತ್ತೆ. ಮೋರ್ನ್ ನಿಕೋಲ್ಸ್ ಹತ್ತೋವಾಗ ನಮ್ಮವ್ರ ಮಂಡಿ ಹಿಡ್ಕೊಳ್ತು. ಆ ಹುಡುಗ್ರು ಮುಂದೆ, ಗೈಡ್ ಅವ್ರ ಜೊತೆ, ನಾವು ಹಿಂದೆ. ಮೊದ್ಲು ತಿರುವಲ್ಲಿ ನಿಂತು ಕಾಯ್ತಿದ್ದ, ಆಮೇಲೆ ಕೂಗಿದ್ರೆ ದನಿ ಕೇಳಿಸ್ತಿತ್ತು, ಆಮೇಲೆ ಅದೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ.

ಬ್ರೇಕ್‌ಫಾಸ್ಟ್ ರಿವರ್‌ಗೆ ಬಂದಾಗ ಐದೂ ಕಾಲು. ಬೆಳಗ್ಗೆ ಕಲ್ಲಿಂದ ಕಲ್ಲಿಗೆ ದಾಟಿದ್ದ ಹೊಳೇಲಿ ಕಲ್ಲುಗಳೇ ಕಾಣ್ತಿಲ್ಲ, ನೀರು ಕೆಂಪಗೆ, ಕೊಂಬೆ ಎಳ್ಕೊಂಡು ಹೋಗ್ತಿದೆ. ಗೈಡ್ ಆ ಹುಡುಗ್ರನ್ನ ದಾಟಿಸ್ಕೊಂಡು ಹೋಗಿಯಾಗಿದೆ. ಡಿಸೆಂಬರಲ್ಲಿ ಅಲ್ಲಿ ಐದು ಮುಕ್ಕಾಲಿನ ಒಳಗೆ ಸೂರ್ಯ ಮುಳುಗ್ತಾನೆ, ಉಷ್ಣವಲಯ ಅಲ್ವಾ, ಮುಳುಗಿದ ಮೇಲೆ ಸಂಜೆ ಅಂತ ಹೆಚ್ಚು ಹೊತ್ತು ಇರಲ್ಲ, ಮರದ ಕೆಳಗಂತೂ ಮುಂಚೇನೇ ಕತ್ತಲು. ನಮ್ಮವ್ರು ದಾಟೇ ಬಿಡೋಣ ಅಂದ್ರು, ನಾನು ಕಾಲಿಡಲ್ಲ ಅಂದೆ. ಮಲೆನಾಡಲ್ಲಿ ಹುಟ್ಟಿದೋರಿಗೆ ಆ ಬಣ್ಣದ ನೀರು ಯಾರೂ ಹೇಳಿಕೊಡ್ಬೇಕಾಗಿಲ್ಲ. ಜಗಳಾನೇ ಆಯ್ತು ಆ ಮಳೇಲಿ.

ನಮ್ಮ ಪುಣ್ಯ, ಹಿಂದಿನಿಂದ ಇನ್ನೊಂದು ಗುಂಪು ಬಂತು. ಮಾರ್ಟಿನಿಕ್‌ನಿಂದ ಬಂದಿದ್ದ ಮೂರು ಜನ ಹೆಂಗಸರು, ಒಬ್ರಿಗೆ ಕಾಲು ಉಳುಕಿದ್ದಕ್ಕೆ ಲೇಟಾಗಿತ್ತು, ಜೊತೆಗೆ ವಯಸ್ಸಾದ ಗೈಡ್ ಒಬ್ರು, ಕುತ್ತಿಗೇಲಿ ಕಾರ್ಡು, ಹಣೆಗೆ ಲೈಟು, ಬ್ಯಾಗಲ್ಲಿ ಹಗ್ಗ. ನಮ್ಮನ್ನ ನೋಡಿ ಮೊದ್ಲು ಗುಡ್ ಈವ್ನಿಂಗ್ ಅಂದ್ರು. ಆ ದ್ವೀಪದಲ್ಲಿ ನಮಸ್ಕಾರ ಹೇಳ್ದೆ ಮಾತು ಶುರು ಮಾಡಲ್ಲ ಯಾರೂ, ಹೊಳೆ ತುಂಬಿದ್ರೂ ಸರಿ! ಆಮೇಲೆ ನಿಮ್ಮ ಗೈಡ್ ಎಲ್ಲಿ ಅಂತ ಕೇಳಿ, ಉತ್ತರ ಕೇಳಿ, ಅಲ್ಲಿನ ಕ್ರಿಯೋಲ್ ಭಾಷೇಲಿ ಏನೋ ಬೈದ್ರು. ಯಾರೂ ನೀರಿಗಿಳೀಬೇಡಿ, ಇದು ಸಣ್ಣ ಹೊಳೆ, ಏರೋದೂ ಬೇಗ ಇಳಿಯೋದೂ ಬೇಗ ಅಂದ್ರು. ಮಳೆ ನಿಂತ ಮೇಲೆ ಮುಕ್ಕಾಲು ಗಂಟೇಲಿ ಒಂದೊಂದೇ ಕಲ್ಲು ತಲೆ ಎತ್ತಿತು, ಹಗ್ಗ ಕಟ್ಟಿ ಒಬ್ಬೊಬ್ರನ್ನೇ ದಾಟಿಸಿದ್ರು. ಟಿಟೂ ಮುಟ್ಟಿದಾಗ ಎಂಟು ಹತ್ರ ಆಗಿತ್ತು. ನಮ್ಮ ವ್ಯಾನ್ ಇಲ್ಲ. ಹೋಗ್ಬಿಟ್ಟಿದ್ದಾರೆ ಕಣ್ರೀ, ಕಾಡಲ್ಲಿ ಇಬ್ರು ಉಳಿದಿದ್ದಾರೆ ಅಂತ ಗೊತ್ತಿದ್ದೂ, ಲೌಡಾ ಹಳ್ಳೀಲಿ ಒಬ್ರಿಗೂ ಹೇಳ್ದೆ. ಆ ಹಿರಿಯರೇ ತಮ್ಮ ಪಿಕಪ್‌ನಲ್ಲಿ ಗೆಸ್ಟ್‌ಹೌಸ್‌ವರೆಗೂ ಬಿಟ್ರು, ದುಡ್ಡು ಕೊಟ್ರೆ ತಗೊಳ್ಳೋಕೆ ಒಪ್ಲಿಲ್ಲ, ಬಲವಂತ ಮಾಡಿ ಕೊಟ್ವಿ.

ಗೆಸ್ಟ್‌ಹೌಸ್ ಆಂಟಿ ಬಿಸಿ ಬಿಸಿ ಕಲಲೂ ಸೂಪ್ ಕೊಟ್ರು, ಏಡಿ ಹಾಕ್ದೆ ನಮಗಂತಾನೇ ಮಾಡಿದ್ದು. ಕೆಸುವಿನ ಸೊಪ್ಪೇ ಅದು. ಜೊತೆಗೆ ಸುಟ್ಟ ಜೀಗುಜ್ಜೆ. ವೆಜ್ ಊಟದ ಬಗ್ಗೆ ಹೆದರ್ಬೇಡಿ, ರಾಸ್ತಾಗಳು (ಜಮೈಕಾದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದೋರು) ನಡೆಸೋ ಇಟಲ್ ಅನ್ನೋ ಅಡುಗೆಯ ಸಣ್ಣ ಹೋಟ್ಲು ಸಿಗುತ್ವೆ, ಮಾಂಸ ಮೀನು ಹಾಕಲ್ಲ.

ಮಾರನೇ ದಿನ ಟೂರ್‌ನೋರಿಗೆ ಬರೆದ್ರೆ ಬಂದ ಉತ್ತರ, ನೀವು ತುಂಬಾ ನಿಧಾನ, ಬೇರೆ ಗೆಸ್ಟ್‌ಗಳ ಟೈಮ್ ವೇಸ್ಟ್ ಆಗ್ತಿತ್ತು. ಸಾರಿ ಅನ್ನೋ ಪದಾನೂ ಇಲ್ಲ. ಪೊಲೀಸ್ ಹತ್ರ ಹೋಗ್ತೀನಿ ಅಂತ ನಾನು ಅಂದ್ಮೇಲೆ ಬ್ಲಾಕ್ ಮಾಡಿದ್ರು.

ಜನ ಇಲ್ದಿರೋ ಶಾಂತ ಜಾಗ ಅಂತ ನಾವು ಹುಡ್ಕೊಂಡು ಹೋಗ್ತೀವಲ್ಲ, ಅಲ್ಲಿ ಕೂಗಿದ್ರೆ ಓಡಿ ಬರೋಕೂ ಜನ ಇರಲ್ಲ. ಕೊಡಚಾದ್ರೀಲಿ ದಾರಿ ತಪ್ಪಿದ್ರೆ ಹಿಂದೆ ಇನ್ನೊಂದು ಬೆಂಗಳೂರಿನ ಗ್ಯಾಂಗ್ ಬಂದೇ ಬರುತ್ತೆ. ಇಲ್ಲಿ ನೀವೂ ನಿಮ್ಮ ಗೈಡೂ ಅಷ್ಟೇ. ಭಾನುವಾರ ಬಸ್ ಸಿಗೋದೂ ಕಷ್ಟ, ದೊಡ್ಡ ಪೆಟ್ಟಾದ್ರೆ ಪಕ್ಕದ ದ್ವೀಪಕ್ಕೆ ಸಾಗಿಸ್ಬೇಕಾಗುತ್ತೆ, ಹಾಗಾಗಿ ಇವ್ಯಾಕ್ಯುಯೇಷನ್ ಕವರ್ ಆಗೋ ಇನ್ಶೂರೆನ್ಸ್ ಇಲ್ದೆ ಹೋಗ್ಬೇಡಿ. ಎಮರ್ಜೆನ್ಸಿ ನಂಬರ್ 999. ಬೆಟ್ಟದ ಮೇಲೆ ಮೋಡ ಇದ್ರೆ ಟಿಟೂ ಗಾರ್ಜ್ ಒಳಗೆ ಈಜೋಕೂ ಇಳೀಬೇಡಿ, ಇಕ್ಕಟ್ಟಾದ ಬಂಡೆ ಸಂದಿ ಅದು, ಮೇಲೆ ಮಳೆ ಬಿದ್ರೆ ಕೆಳಗೆ ಒಮ್ಮೆಗೇ ನೀರು ಬರುತ್ತೆ, ತಪ್ಪಿಸ್ಕೊಳ್ಳೋಕೆ ಜಾಗ ಇಲ್ಲ.

ಬುಕ್ ಮಾಡೋ ಮುಂಚೆ ಬಾಯಿಮಾತಲ್ಲಿ ಬಿಟ್ಟು ಮೆಸೇಜಲ್ಲೇ ಕೇಳಿ. ಬರೋ ಗೈಡ್ ಯಾರು, ಅವ್ರ ಕಾರ್ಡಿನ ಫೋಟೋ ಕಳ್ಸಿ, ಎಷ್ಟು ಗಂಟೆಗೆ ನಡೆಯೋಕೆ ಶುರು ಮಾಡ್ತೀವಿ (ಪಿಕಪ್ ಟೈಮ್ ಅಲ್ಲ, ನಡೆಯೋ ಟೈಮ್), ಒಂಬತ್ತಾದ್ರೂ ಶುರು ಆಗ್ದಿದ್ರೆ ಅಡ್ವಾನ್ಸ್ ವಾಪಸ್ಸಾ, ಒಬ್ರು ನಿಧಾನ ಆದ್ರೆ ಯಾರು ಜೊತೆ ಇರ್ತಾರೆ. ಸರಿಯಾದ ಗೈಡ್‌ಗಳು ಇದಕ್ಕೆಲ್ಲ ಬೇಜಾರು ಮಾಡ್ಕೊಳ್ಳಲ್ಲ. ಬಾಕಿ ದುಡ್ಡು ವಾಪಸ್ ಬಂದು ವ್ಯಾನ್ ಹತ್ತಿದ ಮೇಲೆ ಕೊಡ್ತೀನಿ ಅನ್ನಿ, ಒಪ್ಪದಿದ್ರೆ ಬೇರೆಯವ್ರನ್ನ ನೋಡಿ. ಆನ್‌ಲೈನ್ ಸ್ಟಾರ್ ನೋಡೋದಕ್ಕಿಂತ ಉಳ್ಕೊಳ್ಳೋ ಗೆಸ್ಟ್‌ಹೌಸ್‌ನೋರನ್ನ ಕೇಳೋದು ಮೇಲು, ನಮ್ಮ ಆಂಟಿಗೆ ಇವ್ರ ಕಥೆ ಮುಂಚೇನೇ ಗೊತ್ತಿತ್ತಂತೆ.

ಚಾಟ್ ಸ್ಕ್ರೀನ್‌ಶಾಟ್, ಹತ್ತು ಗಂಟೆಗೆ ವ್ಯಾನ್ ಬಂದಾಗ ತೆಗೆದ ಫೋಟೋ ಎಲ್ಲಾ ಬ್ಯಾಂಕಿಗೆ ಕೊಟ್ಟಿದೀವಿ. ಅಡ್ವಾನ್ಸ್ ಬರಬಹುದು ಅಂತ ಹೇಳಿದ್ದಾರೆ, ಕ್ಯಾಶ್ ಕೊಟ್ಟಿದ್ದು ಹೋಯ್ತು. ರಸೀದಿ ಕೇಳಿದ್ದಕ್ಕೆ ಆ ಹುಡುಗ ಅದೂ ಮನೇಲಿದೆ ಅಂದಿದ್ದ.