ಪಾಠ ಚೆನ್ನಾಗಿದೆ, ಆಯಾಗಳ ಪಗಾರ ಸರಿಯಿಲ್ಲ: ಧಾರವಾಡದ ಒಂದು ಶಾಲೆಯ ಬಗ್ಗೆ

ಧಾರವಾಡದ ಈ ಖಾಸಗಿ ಶಾಲೆಗೆ ಎಲ್‌ಕೆಜಿಯಲ್ಲಿ ಸೇರಿದ ನಮ್ಮ ಮಗಳು ಈಗ ಎರಡನೆಯ ತರಗತಿ ಮುಗಿಸಿದ್ದಾಳೆ. ಕಲಿಸುವ ರೀತಿಯ ಬಗ್ಗೆ ನನಗೆ ತಕರಾರಿಲ್ಲ; ಕನ್ನಡ ಓದು-ಬರಹವನ್ನು ಶ್ರದ್ಧೆಯಿಂದ ಮಾಡಿಸುತ್ತಾರೆ, ಆಟದ ಮೈದಾನವೂ ದೊಡ್ಡದಿದೆ.

ಆದರೆ ಸಣ್ಣ ಮಕ್ಕಳ ತರಗತಿಗಳು ನಡೆಯುವುದು ಆಯಾಗಳಿಂದ. ಬೆಳಿಗ್ಗೆ ಸಪ್ತಾಪುರದಲ್ಲಿ ಬಸ್ಸಿನಿಂದ ಇಳಿದು ಮಗುವಿನ ಕೈ ಹಿಡಿದು ಹತ್ತಿಸಿಕೊಳ್ಳುವವರು, ಶೌಚಾಲಯಕ್ಕೆ ಕರೆದೊಯ್ಯುವವರು, ಡಬ್ಬಿ ಬಿಚ್ಚಿ ಉಣ್ಣಿಸುವವರು, ಕೊನೆಯ ಮಗು ಮನೆ ಮುಟ್ಟುವವರೆಗೂ ಬಸ್ಸಿನಲ್ಲಿರುವವರು ಅವರೇ. ಮೊದಲ ವರ್ಷ ಮಗಳು ತರಗತಿಯಲ್ಲಿ ವಾಂತಿ ಮಾಡಿಕೊಂಡಾಗ, ಅವಳ ಬಟ್ಟೆ ಒಗೆದು, ನಾನು ಹುಬ್ಬಳ್ಳಿಯ ಕಚೇರಿಯಿಂದ ಬಂದು ಮುಟ್ಟುವವರೆಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಆಯಾ ಅವರ ಕೈಗೆ ತಿಂಗಳಿಗೆ ಬರುವುದು 8,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು ಎಂಬುದು ನನಗೆ ಈ ಬೇಸಿಗೆಯಲ್ಲಿ ತಿಳಿಯಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅವರು ಕಲ್ಯಾಣ ಮಂಟಪದಲ್ಲಿ ಪಾತ್ರೆ ತಿಕ್ಕುತ್ತಾರೆ. ಜೂನ್ ಬಂದರೆ ತಮ್ಮ ಮಕ್ಕಳ ಪುಸ್ತಕಕ್ಕೆ ಸಂಘದಲ್ಲಿ ಸಾಲ ಎತ್ತುತ್ತಾರೆ. ನಾವು ಪಾಲಕರು ಕಟ್ಟುವ ಫೀ ಮಾತ್ರ ಇಡೀ ವರ್ಷದ್ದು.

ಪಾಲಕರ ಸಭೆಯಲ್ಲಿ ಕೇಳಿದಾಗ, ಆಯಾಗಳು ಗುತ್ತಿಗೆದಾರರ ಕಡೆಯವರು, ಅವರ ಪಗಾರ ಶಾಲೆಗೆ ಸಂಬಂಧಿಸಿದ್ದಲ್ಲ ಎಂಬ ಉತ್ತರ ಬಂತು. ಇದನ್ನು ನಾನು ಒಪ್ಪುವುದಿಲ್ಲ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ತುಂಬಿಕೊಡಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದ ಬಂದ ನಿಯಮ. ಇಎಸ್‌ಐಗೆ (ನೌಕರರ ರಾಜ್ಯ ವಿಮಾ ಯೋಜನೆಗೆ) ಒಳಪಟ್ಟ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರವಿರುವವರಿಗೆ ಚಿಕಿತ್ಸೆಯ ಸೌಲಭ್ಯ ಸಿಗಬೇಕು. ಅದಕ್ಕೆ ಪಗಾರದ ಶೇ 0.75ರಷ್ಟು ನೌಕರರಿಂದ, ಶೇ 3.25ರಷ್ಟು ಮಾಲೀಕರಿಂದ ಸಂದಾಯವಾಗುತ್ತದೆ. 8,000 ರೂಪಾಯಿಗೆ ಮಾಲೀಕರ ಪಾಲು 260 ರೂಪಾಯಿ ಆಗುತ್ತದೆ. ಅಷ್ಟನ್ನೂ ಯಾರೂ ಕಟ್ಟದ ಕಾರಣ, ಕಳೆದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದಾಗ ಆ ಹೆಣ್ಣುಮಗಳು ಕಿವಿಯೋಲೆ ಒತ್ತೆಯಿಟ್ಟು ಆಸ್ಪತ್ರೆಯ ಬಿಲ್ಲು ತೀರಿಸಿದರು.

ಪಾಠಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಸಿಬ್ಬಂದಿಯನ್ನು ನಡೆಸಿಕೊಳ್ಳುವ ರೀತಿಗೆ ಒಂದು. ಮಗಳನ್ನು ಶಾಲೆ ಬಿಡಿಸುವ ವಿಚಾರವಿಲ್ಲ, ಏಕೆಂದರೆ ಅದರಿಂದ ಆಯಾ ಅವರಿಗೆ ಬಿಡಿಗಾಸೂ ಹೆಚ್ಚು ಸಿಗುವುದಿಲ್ಲ. ಬೇಸಿಗೆಯ ಎರಡು ತಿಂಗಳ ಪಗಾರವನ್ನೂ ಇಎಸ್‌ಐ ಸೌಲಭ್ಯವನ್ನೂ ಕೊಡಬೇಕೆಂದು ಒಂಬತ್ತು ಜನ ಪಾಲಕರು ಸಹಿ ಮಾಡಿದ ಅರ್ಜಿಯನ್ನು ಆಡಳಿತ ಮಂಡಳಿಗೆ ಸಲ್ಲಿಸಿದ್ದೇವೆ. ಹೊಸದಾಗಿ ಪ್ರವೇಶ ಕೇಳಲು ಹೋಗುವವರು ಫೀ ವಿವರದ ಜೊತೆಗೆ ಇದನ್ನೂ ವಿಚಾರಿಸಿರಿ.